ಮಾದರಿ ನಾನೂರ ಹದಿನೇಳು: ಬೆಣ್ಣೆ

ಕೈಗವಸು ಹಾಕಿಕೋ, ಜುಲ್ಮಿರಾ. ಉಂಗುರ ತೆಗೆದು
ಆ ಗಾಜಿನ ತಟ್ಟೆಯಲ್ಲಿಡು, ಯಾರೂ ಕದಿಯುವುದಿಲ್ಲ.
ಮುಲಾಮು ಹಚ್ಚಿಕೊಂಡು ಬರಬೇಡ ನಾಳೆಯಿಂದ.
ನಾವು ಹುಡುಕುವ ವಂಶ ನಿನ್ನ ಬೆರಳಲ್ಲೇ ಇದೆ,
ಇಡೀ ದಿನ ನಿನ್ನನ್ನೇ ಅಳೆದು
ಸಂಜೆ ಬೆಣ್ಣೆಯ ಹೆಸರಿಗೆ ಬರೆದೇವು.

ಎರಡು ಗ್ರಾಂ ತೂಗು. ಉಸಿರು ಬಿಗಿಹಿಡಿ,
ಆಂಗ್ರಾದ ಕಡಲು ಕೆಮ್ಮಿದರೂ
ಈ ತಕ್ಕಡಿ ತಲೆದೂಗುತ್ತದೆ.

ಈಗ, ಏನೂ ಕಳೆಯುವ ಮೊದಲೇ, ಅವಳಿಯನ್ನು ಹಾಕು.
ಅದೇ ಈಸ್ಟ್ರೋನ್, ಅದೇ ನಾಲ್ಕು ಬಳೆ ಬೆಸೆದ ಮೈ,
ಹೈಡ್ರೋಜನ್ ಮಾತ್ರ ನಾಲ್ಕು ಕಡೆ ಭಾರದ್ದು.
ಗಾಜಿಗೆ ಅದು ಅಂಟಿದರೆ ಇದೂ ಅಂಟುತ್ತದೆ,
ನೀನು ಚೆಲ್ಲಿದರೆ ಇದೂ ಚೆಲ್ಲುತ್ತದೆ.
ಕೊನೆಗೆ ನೂರರಲ್ಲಿ ಅರವತ್ತಮೂರು ಮರಳಿತೆಂದರೆ
ಕಾಣದ ಅದೂ ಅಷ್ಟೇ ಸವೆಯಿತೆಂದು ತಿಳಿ.
ನಷ್ಟ ಅಳೆಯಲು ಇದಕ್ಕಿಂತ ನ್ಯಾಯದ ದಾರಿ
ಐವತ್ತೆರಡು ವರ್ಷದಲ್ಲಿ ನಾನು ಕಂಡಿಲ್ಲ.
ನನ್ನೊಳಗಿಂದ ಇದೇ ಸರಕು ಹೋದ ವರ್ಷ
ಹೇಳದೆ ಕೇಳದೆ ಎದ್ದುಹೋಯಿತು.
ಅವಳಿ ಹಾಕಿಟ್ಟವರು ಯಾರೂ ಇರಲಿಲ್ಲ.
ಬೀಸಣಿಗೆ ಆ ಖಾನೆಯಲ್ಲಿದೆ, ಕೇಳಿದಾಗ ಕೊಡು.

ಪೊಟ್ಯಾಶ್, ಮದ್ಯಸಾರ, ಅರವತ್ತು ಡಿಗ್ರಿ, ಒಂದು ಗಂಟೆ.
ಬೆಣ್ಣೆ ಸಾಬೂನಾಗುತ್ತದೆ.
ನನ್ನಜ್ಜಿ ಬೂದಿನೀರಲ್ಲಿ ಹಂದಿಕೊಬ್ಬು ಕುದಿಸಿ
ಸಾಬೂನು ಇಟ್ಟುಕೊಂಡು ಮಿಕ್ಕಿದ್ದು ಚೆಲ್ಲುತ್ತಿದ್ದಳು.
ನಾವು ಸಾಬೂನು ಚೆಲ್ಲುತ್ತೇವೆ.
ಸಾಬೂನಾಗಲು ಒಪ್ಪದ್ದು ಯಾವುದೋ
ಅದರ ಬೆನ್ನು ಹತ್ತಿದವರು ನಾವು.

ಹೆಕ್ಸೇನ್ ಸುರಿ. ಬುಡ್ಡಿ ಮಗುಚು, ಕುಲುಕು,
ತಿರುಪು ತೆರೆದು ಗಾಳಿ ಬಿಡು. ನನ್ನ ಮುಖಕ್ಕಲ್ಲ!
ಪದರ ಮೊಸರಾಯಿತೇ? ಚಿಟಿಕೆ ಉಪ್ಪು, ಸ್ವಲ್ಪ ತಾಳ್ಮೆ.
ಬೆಣ್ಣೆಯಿಂದ ಕೂದಲು ತೆಗೆದಂತೆ ಅನ್ನುತ್ತಾರಲ್ಲ,
ಇಲ್ಲಿ ಕೂದಲೂ ಬೆಣ್ಣೆಯದೇ,
ಅದರದೇ ಬಣ್ಣ, ಅದರದೇ ಜಿಡ್ಡು.

ಸಾರಜನಕ ಊದಿ ಒಣಗಿಸಿದ ಮೇಲೆ
ತಳದಲ್ಲಿ ಏನೂ ಇಲ್ಲ ಅನ್ನುತ್ತೀಯಾ?
ಈ ಕೋಣೆಯಲ್ಲಿ ಇಲ್ಲ ಎಂಬ ಮಾತಿಲ್ಲ.
ಕಂಡುಬಂದಿಲ್ಲ ಎಂದು ಬರೆ,
ಎಲ್ಲಿಯವರೆಗೆ ನೋಡಿದೆವೆಂದೂ ಬರೆ.
ಎಳ್ಳಷ್ಟು ಅಂದರೆ ನಮಗೆ ಬೆಟ್ಟ.
ಒಂದು ಎಳ್ಳನ್ನು ಕೋಟಿ ಪಾಲು ಮಾಡಿ
ಒಂದು ಪಾಲಿಗೆ ದಿನವಿಡೀ ಕಾಯುತ್ತೇವೆ.

ನೋಡು, ಗೆರೆ ಎದ್ದಿತು. ಅದು ಕೊಲೆಸ್ಟೆರಾಲ್,
ಮೋಡವಿಲ್ಲದ ದಿನ ನೀರಿನಾಚೆ ನಿಲ್ಲುವ
ಪಿಕು ಶಿಖರದ ಹಾಗೆ, ಎಲ್ಲರಿಗೂ ಕಾಣುವಂಥದು.
ಪಕ್ಕದಲ್ಲಿ ಗಿಡದ ಸ್ಟೆರಾಲು ದಿಬ್ಬವಾಗಿದ್ದರೆ
ತಾಳೆ ಎಣ್ಣೆ ಬೆರೆಸಿದ ಕಳ್ಳ ಸಿಕ್ಕನೆಂದಾಗುತ್ತಿತ್ತು.
ದಿಬ್ಬವಿಲ್ಲ. ಅಪ್ಪಟ ಬೆಣ್ಣೆ.
ಮತ್ತೆ ಇದೇನು, ಶಿಖರದ ಬುಡದಲ್ಲಿ,
ದೂರದ ದೋಣಿಯಷ್ಟು?
ಈಸ್ಟ್ರೋನ್. ಇರಬೇಕಾದ್ದರ ಆರು ಪಟ್ಟು.

ಮಂಗಳವಾರ ಎವರಿಸ್ತು ಬಂದ,
ಸೆರ್ರೆಟಾದಿಂದ, ರಬ್ಬರ್ ಬೂಟಿನಲ್ಲೇ.
ಟೋಪಿ ತೆಗೆಯಲಿಲ್ಲ, ಕುಳಿತುಕೊಳ್ಳಲಿಲ್ಲ.
ಹನ್ನೊಂದು ಹಸು ನನ್ನವು, ಸೂಜಿಯ ಮೊನೆ ಕಂಡಿಲ್ಲ,
ಸತ್ತ ತಾಯಿಯ ಮೇಲೆ ಆಣೆ, ಎಂದ.

ಸೂಜಿಯಲ್ಲ ಎವರಿಸ್ತು.
ನಿನ್ನ ಹಸುಗಳಲ್ಲಿ ಯಾವುದೋ ಗಬ್ಬವಾಗಿದೆ,
ಒಂದೇ ಅಲ್ಲವೇನೋ. ಬಹಳ ತಿಂಗಳಾಗಿರಬೇಕು.
ಹಾಲು ಬಿಡಿಸುವುದನ್ನು ನೀನು ನಿಲ್ಲಿಸಿಲ್ಲ.

ಹೋರಿ ಮಾರಿ ಎರಡು ವರ್ಷವಾಯಿತಲ್ಲ, ಎಂದ.
ಎಂದವನು ಸುಮ್ಮನಾದ.
ಕಿಟಕಿಯಾಚೆ ನೀಲಿ ಹೈಡ್ರಾಂಜಿಯಾ ಬೇಲಿ.
ಹೆಬ್ಬೆರಳಿಂದ ಗೆಣ್ಣು ಮುಟ್ಟಿ ಮುಟ್ಟಿ
ಹಿಂದಕ್ಕೆ ಎಣಿಸತೊಡಗಿದ:
ಆಗಸ್ಟ್, ಜುಲೈ, ಜೂನ್...
ಫೆಬ್ರವರಿಗೆ ಬಂದಾಗ ಬೆರಳು ನಿಂತಿತು.

ಕಾರ್ನಿವಲ್ ರಾತ್ರಿ, ಊರಿಗೆ ಊರೇ
ಕುಣಿತ ನೋಡುತ್ತ ಸಭಾಂಗಣದಲ್ಲಿದ್ದಾಗ
ಪೂರ್ವದ ಕಲ್ಲುಗೋಡೆ ಎರಡು ಮಾರು ಬಿದ್ದಿತ್ತು.
ಗೋಡೆಯಾಚೆ ಜಾಸಿಂತುವಿನ ಹೋರಿ.
ಮಳೆಗೆ ಬಿತ್ತೆಂದುಕೊಂಡು
ನಾನೇ ಕಟ್ಟಿದೆನಲ್ಲ, ಎಂದ,
ನಾನೇ, ಇದೇ ಕೈಯಲ್ಲಿ.

ಟೋಪಿ ತೆಗೆದ.

ವರದಿಯಲ್ಲಿ ಗೋಡೆಗೆ ಖಾನೆಯಿಲ್ಲ, ಜುಲ್ಮಿರಾ.
ಅಂಕಿ ಬರೆ, ಎಷ್ಟು ಅನುಮಾನವೆಂದು ಪಕ್ಕದಲ್ಲಿ ಬರೆ,
ಬುಡ್ಡಿಗಳನ್ನು ಮೂರು ಸಲ ತೊಳೆ.
ಆ ಬೀಸಣಿಗೆ ಕೊಡು.